ಬರದ ಭಯಕ್ಕೊಂದು ಅಳತೆಗೋಲು

ಭೂಮಿ, ನೀರು, ಗಾಳಿಗಳು ಕೆಡುತ್ತಿರುವುದನ್ನು ಕಂಡು ಮುಂದೇನಾಗುವುದೋ ಎಂದು ಮನುಷ್ಯನ ಮನಸ್ಸಿನಲ್ಲಿ ಏಳುವ ದಿಗಿಲಿಗೆ ಇಂದಿನ ಮನಃಶಾಸ್ತ್ರಜ್ಞರು 'ಪರಿಸರ ಆತಂಕ' ಎಂಬ ಹೆಸರನ್ನಿಟ್ಟಿದ್ದಾರೆ. 2017ರಲ್ಲಿ ಅಮೆರಿಕದ ಮನಃಶಾಸ್ತ್ರ ಸಂಘವು ತನ್ನ ವರದಿಯೊಂದರಲ್ಲಿ ಇದನ್ನು ಪರಿಸರದ ವಿನಾಶದ ಬಗೆಗಿನ ಬಿಡದ ಭಯವೆಂದು ವಿವರಿಸಿದ ಮೇಲೆ ಈ ಮಾತು ಹೆಚ್ಚು ಬಳಕೆಗೆ ಬಂದಿತು. ಈ ಆತಂಕ ಯುವಜನರಲ್ಲಿ ಎಷ್ಟಿದೆ, ಅದು ಅವರನ್ನು ಪರಿಸರ ರಕ್ಷಣೆಯ ಕಾರ್ಯಕ್ಕೆ ಪ್ರೇರೇಪಿಸುತ್ತದೆಯೋ ಅಥವಾ ಕೈಕಟ್ಟಿ ಕೂರಿಸುತ್ತದೆಯೋ ಎಂದು ಅಳೆಯುವ ಪ್ರಯತ್ನಗಳು ಹಲವು ದೇಶಗಳಲ್ಲಿ ನಡೆದಿವೆ.

ಹೆಸರು ಹೊಸದು, ನಿಜ. ಭಯವೂ ಹೊಸದೇ? ಯಾದಗಿರಿ, ಶಹಾಪುರ, ಸುರಪುರಗಳ ನೆಲದಲ್ಲಿ ನಿಂತು ಈ ಪ್ರಶ್ನೆಯನ್ನು ಕೇಳಿಕೊಳ್ಳೋಣ. ಕೃಷ್ಣೆ ಮತ್ತು ಭೀಮೆ ಎಂಬ ಎರಡು ದೊಡ್ಡ ನದಿಗಳು ಹರಿದರೂ ಆಕಾಶದತ್ತ ಮುಖ ಮಾಡಿಯೇ ಬದುಕಬೇಕಾಗಿ ಬಂದ ಸೀಮೆ ಇದು. ಮಳೆ ಬಾರದಿದ್ದರೆ ಏನಾಗುತ್ತದೆ ಎಂಬುದನ್ನು ಇಲ್ಲಿನ ಜನ ಅನುಭವದಿಂದಲೇ ಕಲಿತವರು. ಹೀಗಾಗಿ ಭಯಕ್ಕೂ ಕಾರ್ಯಕ್ಕೂ ಇರುವ ನಂಟನ್ನು ಅರಿಯಲು ಈ ಮೂರು ತಾಲ್ಲೂಕುಗಳ ಇತಿಹಾಸ ನಮಗೆ ಒಳ್ಳೆಯ ಪಾಠಶಾಲೆಯಾಗಬಲ್ಲದು.

ನೀರಿನ ಒರತೆಯ ಬಳಿ

ಈ ಸೀಮೆಯಲ್ಲಿ ಮನುಷ್ಯನ ಹೆಜ್ಜೆ ಬಹು ಹಳೆಯದು. ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಪುರಾತತ್ತ್ವಜ್ಞ ಕೆ. ಪದ್ದಯ್ಯನವರು ನಡೆಸಿದ ಉತ್ಖನನದಲ್ಲಿ ದೊರೆತ ಕಲ್ಲಿನ ಆಯುಧಗಳ ನೆಲೆಯು ಸುಮಾರು ಹನ್ನೆರಡು ಲಕ್ಷ ವರ್ಷಗಳಷ್ಟು ಪುರಾತನವೆಂದು ಕಾಲನಿರ್ಣಯವಾಗಿದೆ. ಆದಿಮಾನವರು ಈ ಕಣಿವೆಯನ್ನು ನೆಚ್ಚಿಕೊಳ್ಳಲು ಮುಖ್ಯ ಕಾರಣ, ಬೇಸಿಗೆಯಲ್ಲೂ ಬತ್ತದೆ ಉಕ್ಕುತ್ತಿದ್ದ ನೀರಿನ ಒರತೆಗಳು. ಅವರ ಎಷ್ಟೋ ಕಾಲದ ನಂತರ, ಇಂದಿಗೆ ನಾಲ್ಕು ಸಾವಿರ ವರ್ಷಗಳಷ್ಟು ಹಿಂದೆ, ಬೂದಿಹಾಳದಲ್ಲಿ ದನಗಾಹಿಗಳು ನೆಲೆಸಿದರು. ಅವರು ಸುಟ್ಟ ಸಗಣಿಯ ರಾಶಿಗಳೇ ಬೂದಿದಿಬ್ಬಗಳಾಗಿ ಉಳಿದಿವೆ. ಎಲ್ಲಿ ನೀರೋ ಅಲ್ಲಿ ಊರು. ಈ ಮಣ್ಣಿನಲ್ಲಿ ನೀರಿನ ಚಿಂತೆಯು ನೇಗಿಲಿಗಿಂತಲೂ ಹಿರಿಯದು.

ಬರಗಾಲ ಬರೆದ ಅಧ್ಯಾಯಗಳು

ದಖ್ಖನ್ ಪ್ರಸ್ಥಭೂಮಿಯ ಚರಿತ್ರೆಯಲ್ಲಿ ಅರಸರ ಹೆಸರುಗಳಷ್ಟೇ ಬರಗಾಲಗಳ ಹೆಸರುಗಳೂ ನೆನಪಿನಲ್ಲಿ ಉಳಿದಿವೆ. 1791–92ರ ಬರವನ್ನು ಜನ 'ಡೋಗಿ ಬರ' ಎಂದು ಕರೆದರು. ಸತ್ತವರನ್ನು ಹೂಳುವವರಿಲ್ಲದೆ ತಲೆಬುರುಡೆಗಳು ಬಯಲಿನಲ್ಲಿ ಬಿದ್ದಿದ್ದವು ಎಂಬ ನೆನಪಿನಿಂದ ಬಂದ ಹೆಸರು ಅದು. 1876ರಿಂದ 78ರವರೆಗಿನ ಮಹಾಕ್ಷಾಮವು ಮದ್ರಾಸು, ಮುಂಬಯಿ ಪ್ರಾಂತಗಳನ್ನೂ ಮೈಸೂರು, ಹೈದರಾಬಾದ್ ಸಂಸ್ಥಾನಗಳನ್ನೂ ಒಟ್ಟಿಗೇ ಬಡಿಯಿತು. ಸುಮಾರು ಐವತ್ತು ಲಕ್ಷ ಜನರಿದ್ದ ಮೈಸೂರು ಸಂಸ್ಥಾನವೊಂದರಲ್ಲೇ ಹತ್ತು ಲಕ್ಷದಷ್ಟು ಮಂದಿ ಅಳಿದರೆಂದು ಅಂದಾಜು. ಆಗ ನಮ್ಮ ಈ ಮೂರು ತಾಲ್ಲೂಕುಗಳು ನಿಜಾಮರ ಆಡಳಿತಕ್ಕೆ ಸೇರಿದ್ದವು. ರಾಜಾ ವೆಂಕಟಪ್ಪ ನಾಯಕರ 1858ರ ಬಂಡಾಯ ಸೋತ ಮೇಲೆ, 1860ರಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮರಿಗೆ ಒಪ್ಪಿಸಿದ್ದರು.

ಆ ಮಹಾಕ್ಷಾಮದ ನಂತರ ಬ್ರಿಟಿಷ್ ಸರಕಾರ 1880ರಲ್ಲಿ ಕ್ಷಾಮ ಆಯೋಗದ ವರದಿಯನ್ನು ಪಡೆದು, ಕ್ಷಾಮ ಸಂಹಿತೆಗಳನ್ನು ರಚಿಸಿತು. ಓದುಗರು ಇಲ್ಲಿ ಸ್ವಲ್ಪ ನಿಲ್ಲಬೇಕು. ಬರ ಬರುತ್ತಿದೆ ಎಂಬುದನ್ನು ಅಧಿಕಾರಿಗಳು ಮುಂಚಿತವಾಗಿ ಅರಿಯುವುದು ಹೇಗೆ? ಸಂಹಿತೆಗಳು ಕೆಲವು ಅಪಾಯದ ಚಿಹ್ನೆಗಳನ್ನು ಗುರುತಿಸಿದವು: ಜನರು ಭಿಕ್ಷೆ ಕೊಡುವುದನ್ನು ಕಡಿಮೆ ಮಾಡುವುದು, ಸಾಹುಕಾರರು ಸಾಲ ನಿಲ್ಲಿಸುವುದು, ಕಾಳಿನ ವ್ಯಾಪಾರದಲ್ಲಿ ಗಡಿಬಿಡಿ ಕಾಣುವುದು, ಕಳವು ಹೆಚ್ಚುವುದು, ದನಕರುಗಳ ಹಿಂಡುಗಳು ಎಂದಿಲ್ಲದಂತೆ ಸ್ಥಳ ಬದಲಿಸುವುದು, ಜನರು ಗೊತ್ತುಗುರಿಯಿಲ್ಲದೆ ಅಲೆಯತೊಡಗುವುದು. ಇವು ಹಸಿವಿನ ಲಕ್ಷಣಗಳಲ್ಲ, ಹಸಿವು ಬರುವ ಮುನ್ನಿನ ಭಯದ ಲಕ್ಷಣಗಳು. ಪರಿಸರದ ಭಯವನ್ನು ನಡೆನುಡಿಯ ಮೂಲಕ ಅಳೆಯುವ ಕೆಲಸ, ಆ ಹೆಸರಿಲ್ಲದೆಯೇ, ನಮ್ಮ ದೇಶದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲೇ ಆರಂಭವಾಗಿತ್ತು ಎನ್ನಬಹುದು.

ಆ ಅಲೆದಾಟಕ್ಕೆ ನಮ್ಮಲ್ಲಿರುವ ಹೆಸರು 'ಗುಳೆ'. 1871ರಲ್ಲಿ ಮುಂಬಯಿ ಮತ್ತು ಮದ್ರಾಸುಗಳ ರೈಲುದಾರಿಗಳು ರಾಯಚೂರಿನಲ್ಲಿ ಕೂಡಿಕೊಂಡವು. ಆ ದಾರಿಯಲ್ಲಿದ್ದ ಯಾದಗಿರಿಗೆ ದೂರದ ಊರುಗಳು ಹತ್ತಿರವಾದವು. ಇಂದಿಗೂ ಸುಗ್ಗಿ ಮುಗಿದ ಮೇಲೆ ಇಲ್ಲಿನ ಕುಟುಂಬಗಳು ಮುಂಬಯಿ, ಪುಣೆ, ಹೈದರಾಬಾದು, ಬೆಂಗಳೂರುಗಳಿಗೆ ಗಂಟುಮೂಟೆ ಕಟ್ಟುತ್ತವೆ. ಮನೆಯಲ್ಲಿ ಮುದುಕರು, ಅವರ ಮಡಿಲಲ್ಲಿ ಮೊಮ್ಮಕ್ಕಳು ಉಳಿಯುತ್ತಾರೆ.

ಭಯವು ಬುದ್ಧಿಯಾದಾಗ

ಆದರೆ ನಮ್ಮ ಹಿರಿಯರು ಹೆದರಿ ಸುಮ್ಮನೆ ಕುಳಿತವರಲ್ಲ. ಹಳೆಯ ಊರುಗಳಲ್ಲಿ ಅಜ್ಜ-ಅಜ್ಜಿಯರನ್ನು ವಿಚಾರಿಸಿದರೆ 'ಹಗೇವು' ಎಂಬ ಮಾತು ಕೇಳಿಬರುತ್ತದೆ. ಗಟ್ಟಿ ನೆಲದಲ್ಲಿ ಆಳವಾಗಿ ಅಗೆದು, ಒಳಗೆಲ್ಲ ಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಇಟ್ಟು ಮಣ್ಣು ಮುಚ್ಚುವ ಕಣಜವದು. ಒಳಗಿನ ಕಾಳು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ತೆರೆಯುವಾಗ ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಕಾದು, ದೀಪ ಇಳಿಸಿ ನೋಡಿ, ಆಮೇಲೆ ಮನುಷ್ಯ ಇಳಿಯಬೇಕಾಗಿತ್ತು. ಐಗುಪ್ತ ದೇಶದಲ್ಲಿ ಏಳು ವರ್ಷಗಳ ಸುಭಿಕ್ಷದಲ್ಲಿ ಏಳು ವರ್ಷಗಳ ಬರಕ್ಕೆ ಕಾಳು ಕೂಡಿಟ್ಟ ಜೋಸೆಫನ ಕಥೆಯನ್ನು ಬಲ್ಲ ನಮಗೆ ಹಗೇವಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದು ನೆಲದೊಳಗೆ ಇಳಿಸಿದ ಆತಂಕ. ಆದರೆ ಕೈಗೆ ಕೆಲಸವಾಗಿ ಮಾರ್ಪಟ್ಟ ಆತಂಕ.

ಒಂದೇ ಹೊಲದಲ್ಲಿ ಜೋಳ, ಸಜ್ಜೆಗಳ ನಡುವೆ ತೊಗರಿಯ ಅಕ್ಕಡಿ ಹಾಕುವುದು, ಇಳಿಜಾರಿಗೆ ಒಡ್ಡು ಕಟ್ಟುವುದು, ಮೃಗಶಿರದಿಂದ ಸ್ವಾತಿಯವರೆಗೆ ಒಂದೊಂದು ಮಳೆಯ ಸ್ವಭಾವವನ್ನು ಗಾದೆಗಳಲ್ಲಿ ಕಟ್ಟಿಡುವುದು, ಇವೆಲ್ಲವೂ ಇದೇ ಬುದ್ಧಿಯ ರೂಪಗಳು. ಕಾರಹುಣ್ಣಿಮೆಯ ದಿನ ಕರಿ ಹರಿಯುವಾಗ ಕೆಂಪು ಎತ್ತು ಮುಂದಾದರೆ ಮುಂಗಾರಿ ಚೆನ್ನ, ಬಿಳಿ ಎತ್ತು ಮುಂದಾದರೆ ಹಿಂಗಾರಿ ಚೆನ್ನ ಎನ್ನುತ್ತಿದ್ದರು. ಮಳೆ ತಡವಾದರೆ ಮಕ್ಕಳು ಗುರ್ಜಿ ಹೊತ್ತು ಮನೆಮನೆಗೆ ಹೋಗಿ ನೀರು ಹಾಕಿಸಿಕೊಳ್ಳುತ್ತಿದ್ದರು. ಎತ್ತಿನ ಬಣ್ಣದಿಂದ ಮಳೆ ತಿಳಿಯದು. ಗುರ್ಜಿಗೆ ನೀರು ಹೊಯ್ದರೆ ಮೋಡ ಕರಗದು. ಆದರೂ ಒಬ್ಬೊಬ್ಬನ ಎದೆಯಲ್ಲಿದ್ದ ಚಿಂತೆಯನ್ನು ಇಡೀ ಊರು ಒಟ್ಟಾಗಿ ಹೊರುವ ಸಂದರ್ಭಗಳು ಅವಾಗಿದ್ದವು ಎಂಬುದನ್ನು ನಾವು ಮರೆಯಬಾರದು.

ಊರೊಂದರ ಶಕ್ತಿಯನ್ನು ಮೀರಿದ ಕೆಲಸಗಳೂ ನಡೆದವು. ಸುರಪುರದ ಸಮೀಪ ಬೋನಾಳದ ಕೆರೆಯನ್ನು ಕಟ್ಟಿಸಿದವರು ಸುರಪುರದ ನಾಯಕ ಅರಸರು. 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರ್, ಬಾಲಕ ಅರಸನ ಪರವಾಗಿ ರಾಜ್ಯದ ಹದಗೆಟ್ಟ ಹಣಕಾಸನ್ನು ಸರಿಪಡಿಸುವುದರ ಜೊತೆಗೆ ಈ ಕೆರೆಯನ್ನೂ ದುರಸ್ತಿ ಮಾಡಿಸಿ ಹಿಗ್ಗಿಸಿದರು. ಆ ಬೋನಾಳ ಕೆರೆ ಇಂದು ವಲಸೆ ಹಕ್ಕಿಗಳು ಬಂದಿಳಿಯುವ ಪಕ್ಷಿಧಾಮವಾಗಿ ಹೆಸರಾಗಿದೆ. ಬರಕ್ಕೆ ಹೆದರಿ ಮನುಷ್ಯರು ತಮಗಾಗಿ ಕಟ್ಟಿಕೊಂಡ ಕೆರೆ ಶತಮಾನಗಳ ನಂತರ ಪರದೇಶದ ಹಕ್ಕಿಗಳಿಗೂ ಆಸರೆಯಾಯಿತು.

ಭಯವು ದಾರಿ ತಪ್ಪಿದಾಗ

ಇನ್ನೊಂದು ಮುಖವನ್ನೂ ನೋಡಬೇಕು. ಭಯದಿಂದ ಹುಟ್ಟಿದ ಎಲ್ಲ ಕಾರ್ಯಗಳೂ ಒಳಿತನ್ನೇ ತರುವುದಿಲ್ಲ.

1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಕೃಷ್ಣಾ ಮೇಲ್ದಂಡೆ ಯೋಜನೆಗೆ ಶಂಕುಸ್ಥಾಪನೆ ಮಾಡಿದರು. 1982ರ ಹೊತ್ತಿಗೆ ನಾರಾಯಣಪುರದ ಬಸವಸಾಗರ ಅಣೆಕಟ್ಟು ಪೂರ್ಣಗೊಂಡು, ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರ ಸೀಮೆಯ ಹೊಲಗಳತ್ತ ಹರಿಯಿತು. ತಲೆತಲಾಂತರದಿಂದ ಬರಕ್ಕೆ ಅಂಜಿದ್ದ ನೆಲಕ್ಕೆ ಇದು ದೊಡ್ಡ ವರವೇ ಸರಿ. ಕಡಿಮೆ ನೀರು ಬೇಡುವ ಬೆಳೆಗಳನ್ನು ಬೆಳೆಸಿ, ನೀರನ್ನು ಹೆಚ್ಚು ಹೊಲಗಳಿಗೆ ಹಂಚುವುದು ಯೋಜನೆಯ ಉದ್ದೇಶವಾಗಿತ್ತು. ಆದರೆ ಇಂದು ಬಂದ ನೀರು ನಾಳೆ ಬರುವುದೋ ಇಲ್ಲವೋ ಎಂಬ ಅಂಜಿಕೆಯೂ, ಭತ್ತದ ಲಾಭವೂ ಸೇರಿ, ಕಾಲುವೆಯ ಮೇಲ್ಭಾಗದವರು ಸಿಕ್ಕಷ್ಟು ನೀರನ್ನು ಗದ್ದೆಗೆ ನಿಲ್ಲಿಸಿಕೊಂಡರು. ಅಲ್ಲಿ ಎರೆಭೂಮಿ ಜೌಗಾಗಿ ಸವುಳಾಯಿತು. ಇತ್ತ ಕಾಲುವೆಯ ತುದಿಯ ರೈತ ಒಣಗಿದ ತೂಬನ್ನು ನೋಡುತ್ತ ನಿಂತ. ನೀರಿನ ಭಯ ನೆರೆಯವನ ಪಾಲನ್ನು ಕಸಿಯುವ ಭಯವಾಯಿತು.

ಕುಡಿಯುವ ನೀರಿನ ಕಥೆ ಇದಕ್ಕಿಂತ ಕಠಿಣವಾದುದು. 1972ರ ಭೀಕರ ಬರದ ನಂತರ ಹಳ್ಳಿಹಳ್ಳಿಗಳಲ್ಲಿ ಕೊಳವೆಬಾವಿ ಕೊರೆದು, ನಮ್ಮ ಜನ 'ಬೋರಿಂಗ್' ಎಂದು ಕರೆಯುವ ಕೈಪಂಪುಗಳನ್ನು ಕೂರಿಸಲಾಯಿತು. 'ಇಂಡಿಯಾ ಮಾರ್ಕ್ 2' ಎಂಬ ಆ ಪಂಪು ರೂಪುಗೊಂಡದ್ದು ನೆರೆಯ ಸೊಲ್ಲಾಪುರ ಮತ್ತು ಜಾಲನಾಗಳಲ್ಲಿ ತಯಾರಾದ ಪಂಪುಗಳ ಆಧಾರದ ಮೇಲೆ. ಅದು ಕೋಟ್ಯಂತರ ತಾಯಂದಿರ ದಣಿವನ್ನು ಇಳಿಸಿತು. ಆದರೆ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ, ಹಳೆಯ ಚಿನ್ನದ ಗಣಿಯ ಸಮೀಪದ ಶಿಲೆಗಳಿಂದ ಅಂತರ್ಜಲಕ್ಕೆ ಆರ್ಸೆನಿಕ್ ವಿಷ ಸೇರಿತ್ತು. ಕೊಳವೆಬಾವಿಯ ನೀರನ್ನು ನಂಬಿ ಕುಡಿದ ಜನರ ಅಂಗೈ ಅಂಗಾಲುಗಳಲ್ಲಿ ಗಂಟುಗಳೆದ್ದು, ಚರ್ಮ ಕೆಟ್ಟು, ರೋಗಗಳು ಕಾಣಿಸಿಕೊಂಡ ಮೇಲೆಯೇ ಇದು ಲೋಕಕ್ಕೆ ತಿಳಿದದ್ದು. ಅವಸರದಲ್ಲಿ ನೀರನ್ನು ಹುಡುಕಿದೆವು. ನೀರಿನಲ್ಲಿ ಏನಿದೆ ಎಂದು ಪರೀಕ್ಷಿಸುವ ತಾಳ್ಮೆ ನಮಗಿರಲಿಲ್ಲ.

ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಇಂದಿನ ಆತಂಕಕ್ಕೆ ಬೇರೆ ಬಗೆಯ ಕಾರಣವಿದೆ. ಬಿಜಾಪುರದ ಆರಂಭದ ಆದಿಲ್‌ಶಾಹಿ ಸುಲ್ತಾನರ ಸಮಾಧಿಗಳಿರುವ ಈ ಊರಿನ ನೆಲದಡಿ ಯುರೇನಿಯಂ ನಿಕ್ಷೇಪವಿರುವುದನ್ನು ಅಣುಶಕ್ತಿ ಇಲಾಖೆಯ ಶೋಧನೆ ತೋರಿಸಿದೆ. ಗಣಿ ತೆರೆಯುವ ಪ್ರಸ್ತಾಪ ಬಂದಾಗ ಸುತ್ತಲ ಹಳ್ಳಿಗಳ ಜನ ತಮ್ಮ ನೀರು, ಹೊಲ, ಆರೋಗ್ಯಗಳ ಗತಿಯೇನೆಂದು ಕೇಳಿದರು. ಕಣ್ಣಿಗೆ ಕಾಣದ, ವಾಸನೆಯಿಲ್ಲದ ಅಪಾಯಕ್ಕೆ ಮನುಷ್ಯ ಹೇಗೆ ಸಿದ್ಧನಾಗಬೇಕು? ಬರಕ್ಕೆ ಹಗೇವು ಇತ್ತು. ಇದಕ್ಕೆ ಸರಿಯಾದ ಮಾಹಿತಿಯೊಂದೇ ಹಗೇವು.

ಇಂದಿನ ಅಳತೆಗೋಲುಗಳು

ಈಗ ಮನಃಶಾಸ್ತ್ರಜ್ಞರ ಕಡೆಗೆ ಬರೋಣ. 2020ರಲ್ಲಿ ಸೂಸನ್ ಕ್ಲೇಟನ್ ಮತ್ತು ಬ್ರಯಾನ್ ಕರಾಜಿಯಾ ಎಂಬ ಅಮೆರಿಕದ ವಿದ್ವಾಂಸರು ಹವಾಮಾನ ಆತಂಕವನ್ನು ಅಳೆಯುವ ಪ್ರಶ್ನಾವಳಿಯನ್ನು ಪ್ರಕಟಿಸಿದರು. ಈ ಚಿಂತೆಯಿಂದ ನಿದ್ದೆ ಕೆಡುತ್ತದೆಯೇ, ಓದಿನಲ್ಲಿ ಮನಸ್ಸು ನಿಲ್ಲದೇ, ಕೆಲಸಕ್ಕೆ ಅಡ್ಡಿಯಾಗುತ್ತದೆಯೇ ಎಂಬ ಬಗೆಯ ಪ್ರಶ್ನೆಗಳು ಅದರಲ್ಲಿವೆ. ಮರುವರ್ಷ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಜನರ ನಡುವೆ ಟೀಗನ್ ಹಾಗ್ ಮತ್ತು ಸಂಗಡಿಗರು 13 ಪ್ರಶ್ನೆಗಳ ಮತ್ತೊಂದು ಅಳತೆಗೋಲನ್ನು ರೂಪಿಸಿದರು. ಅದು ಮನಸ್ಸಿನ ಕಳವಳ, ಬಿಡದೆ ಕಾಡುವ ಯೋಚನೆ, ದಿನಚರಿಯಲ್ಲಾಗುವ ಏರುಪೇರು, ತನ್ನಿಂದಲೇ ಭೂಮಿಗೆ ಹಾನಿಯಾಗುತ್ತಿದೆಯೆಂಬ ಅಳುಕು, ಈ ನಾಲ್ಕನ್ನೂ ಬೇರೆಬೇರೆಯಾಗಿ ತೂಗುತ್ತದೆ.

2021ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯೊಂದು ಭಾರತವೂ ಸೇರಿ ಹತ್ತು ದೇಶಗಳ, 16ರಿಂದ 25 ವಯಸ್ಸಿನ ಹತ್ತು ಸಾವಿರ ಯುವಜನರನ್ನು ಪ್ರಶ್ನಿಸಿತು. ಶೇಕಡಾ 59ರಷ್ಟು ಮಂದಿ ಹವಾಮಾನ ಬದಲಾವಣೆಯ ಬಗ್ಗೆ ತೀವ್ರ ಚಿಂತೆಯಿದೆ ಎಂದರು. ಶೇಕಡಾ 75ರಷ್ಟು ಮಂದಿಗೆ ಭವಿಷ್ಯವೇ ಭಯಂಕರವಾಗಿ ತೋರಿತು. ತಮ್ಮ ನಿತ್ಯಜೀವನವೇ ಇದರಿಂದ ಬಾಧಿತವಾಗಿದೆ ಎಂದವರು ಶೇಕಡಾ 45. ಸರಕಾರಗಳು ತಮ್ಮನ್ನು ಕೈಬಿಟ್ಟಿವೆ ಎಂದು ಭಾವಿಸಿದವರಲ್ಲಿ ಈ ಸಂಕಟ ಇನ್ನೂ ಹೆಚ್ಚಾಗಿತ್ತು.

ಹಾಗಾದರೆ ಹೆಚ್ಚು ಹೆದರಿದವರು ಹೆಚ್ಚು ದುಡಿಯುತ್ತಾರೆಯೇ? ಕ್ಲೇಟನ್‌ರ ಅಧ್ಯಯನದಲ್ಲಿ ಆತಂಕಕ್ಕೂ ಪರಿಸರಸ್ನೇಹಿ ನಡವಳಿಕೆಗೂ ಸ್ಪಷ್ಟ ನಂಟು ಕಾಣಲಿಲ್ಲ. 2022ರಲ್ಲಿ ಚಾರ್ಲ್ಸ್ ಒಗುನ್‌ಬೋಡೆ ಮತ್ತು ಸಂಗಡಿಗರು 32 ದೇಶಗಳಲ್ಲಿ ನಡೆಸಿದ ಅಧ್ಯಯನ ಹೆಚ್ಚು ವಿವರವಾದುದು. 24 ದೇಶಗಳಲ್ಲಿ ಆತಂಕವುಳ್ಳವರು ನಿತ್ಯದ ಬದುಕಿನಲ್ಲಿ ಪರಿಸರಕ್ಕೆ ಹಿತವಾಗಿ ನಡೆಯುವುದು ಕಂಡುಬಂದಿತು. ಆದರೆ ಆ ಆತಂಕವು ಸಾರ್ವಜನಿಕ ಕಾರ್ಯವಾಗಿ, ಹೋರಾಟವಾಗಿ ಮಾರ್ಪಟ್ಟದ್ದು 12 ದೇಶಗಳಲ್ಲಿ ಮಾತ್ರ. ಅವುಗಳಲ್ಲಿ ಬಹುಪಾಲು ಸಿರಿವಂತ ಪಾಶ್ಚಾತ್ಯ ರಾಷ್ಟ್ರಗಳು. ಬಹುತೇಕ ಎಲ್ಲ ಕಡೆಯೂ ಹೆಚ್ಚು ಆತಂಕವಿದ್ದವರ ಮನಸ್ಸಿನ ಸ್ವಾಸ್ಥ್ಯ ಕಡಿಮೆಯಿತ್ತು.

ಪ್ರಿಯ ಓದುಗರೇ, ಈ ಅಂಕಿಗಳನ್ನು ನಮ್ಮ ಸೀಮೆಯ ಇತಿಹಾಸದ ಪಕ್ಕದಲ್ಲಿ ಇಟ್ಟು ನೋಡಿ. ಕೈಗೆ ಎಟುಕುವ ಕೆಲಸವೂ, ಜೊತೆಗೆ ನಿಲ್ಲುವ ಜನರೂ, ಮಾತನ್ನು ಕೇಳುವ ಅಧಿಕಾರವೂ ಇದ್ದಲ್ಲಿ ಭಯವು ಹಗೇವಾಯಿತು, ಕೆರೆಯಾಯಿತು. ಇವು ಮೂರೂ ಇಲ್ಲದಲ್ಲಿ ಅದೇ ಭಯ ಗುಳೆಯಾಯಿತು. ಇಲ್ಲವೇ ಮೇಲ್ಭಾಗದ ಗದ್ದೆಯವನ ಸ್ವಾರ್ಥವಾಯಿತು.

ಇನ್ನೂ ಒಂದು ಮಾತು. ಈ ಅಳತೆಗೋಲುಗಳೆಲ್ಲ ಮೊದಲು ಇಂಗ್ಲಿಷಿನಲ್ಲಿ ಹುಟ್ಟಿದವು. ಹತ್ತು ದೇಶಗಳ ಆ ಸಮೀಕ್ಷೆ ನಡೆದದ್ದು ಅಂತರಜಾಲದ ಮೂಲಕ. ಯಾದಗಿರಿ ಜಿಲ್ಲೆಯಲ್ಲಿ 2011ರ ಜನಗಣತಿಯ ಪ್ರಕಾರ ಸಾಕ್ಷರರು ಶೇಕಡಾ 52ರಷ್ಟು. ಅದು ರಾಜ್ಯದಲ್ಲೇ ಅತ್ಯಂತ ಕಡಿಮೆ. ಬೆಂಗಳೂರಿನ ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊರುವ ಸುರಪುರದ ಯುವಕನನ್ನು 'ಹವಾಮಾನ ಬದಲಾವಣೆಯಿಂದ ನಿನಗೆ ನಿದ್ದೆ ಬರುವುದಿಲ್ಲವೇ' ಎಂದು ಕೇಳಿದರೆ ಅವನು ಇಲ್ಲವೆನ್ನಬಹುದು. 'ನಿನ್ನ ಮಕ್ಕಳು ನಿನ್ನ ಹೊಲವನ್ನು ಉಳುತ್ತಾರೆಯೇ' ಎಂದು ಕೇಳಿ ನೋಡಿ. ಆಗ ಅವನ ಮೌನದ ಉದ್ದವೇ ಒಂದು ಅಳತೆಯಾದೀತು. ಬರದ ಚಿಹ್ನೆಗಳನ್ನು ಜನರ ನಡೆಯಲ್ಲಿ ಓದಿದ ಹಳೆಯ ಸಂಹಿತೆಗಳ ವಿವೇಕವನ್ನು ಹೊಸ ಪ್ರಶ್ನಾವಳಿಗಳೂ ಕಲಿಯಬೇಕಾಗಿದೆ. ಯಾರು ಹೊಲ ಮಾರಿದರು, ಯಾರು ಎತ್ತು ಮಾರಿದರು, ಯಾವ ಹುಡುಗಿಯ ಓದು ಅರ್ಧಕ್ಕೆ ನಿಂತಿತು ಎಂಬುದರಲ್ಲಿ ಈ ಆತಂಕದ ಲೆಕ್ಕವಿದೆ.

ನಮ್ಮ ಮನೆಗಳಲ್ಲಿ

ಇಂದಿನ ಯುವಕರು 2009 ಮತ್ತು 2020ರಲ್ಲಿ ಪ್ರವಾಹವನ್ನು ಕಂಡವರು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಿದ್ದನ್ನೂ ಕಂಡವರು. 2025ರಲ್ಲಿ ಭೀಮೆ ಮತ್ತೆ ಉಕ್ಕಿದಳು. ಅಜ್ಜನಿಗೆ ಬರವೊಂದರ ಭಯವಿತ್ತು. ಮೊಮ್ಮಗನಿಗೆ ಬರ ಮತ್ತು ನೆರೆ ಎರಡರ ಭಯವಿದೆ. ಅವನು ಆ ಮಾತೆತ್ತಿದಾಗ, "ನಾವು ಇದಕ್ಕಿಂತ ದೊಡ್ಡ ಬರ ಕಂಡಿದ್ದೇವೆ, ಸುಮ್ಮನಿರು" ಎಂದು ಹೇಳುವುದು ಸುಲಭ. ಆದರೆ ದೊಡ್ಡ ಬರವನ್ನು ಕಂಡವರ ಕರ್ತವ್ಯ ಬಾಯಿ ಮುಚ್ಚಿಸುವುದಲ್ಲ, ಆ ಬರವನ್ನು ಹೇಗೆ ದಾಟಿದೆವು ಎಂದು ಹೇಳಿಕೊಡುವುದು.

ಫಿನ್ಲೆಂಡಿನ ದೈವಶಾಸ್ತ್ರಜ್ಞ ಪಾನು ಪಿಹ್ಕಲಾ ಈ ಆತಂಕವನ್ನು ಕೇವಲ ರೋಗವೆಂದು ಕಾಣಬಾರದು, ನಿಜವಾದ ಅಪಾಯಕ್ಕೆ ಮನಸ್ಸು ಕೊಡುವ ಸಹಜ ಪ್ರತಿಕ್ರಿಯೆಯೆಂದೂ ತಿಳಿಯಬೇಕು ಎನ್ನುತ್ತಾರೆ. ನಿದ್ದೆಗೆಡಿಸಿ, ಊಟ ಬಿಡಿಸಿ, ಬದುಕನ್ನೇ ಬೇಡವೆನಿಸುವ ಆತಂಕಕ್ಕೆ ವೈದ್ಯರ ನೆರವು ಬೇಕು; ಅದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ. ಉಳಿದ ಆತಂಕಕ್ಕೆ ಕೆಲಸ ಬೇಕು, ಜೊತೆಗಾರರು ಬೇಕು. ಜಗದ್ಗುರು ಫ್ರಾನ್ಸಿಸ್‌ರವರು 2015ರ 'ಲೌದಾತೋ ಸಿ' ವಿಶ್ವಪತ್ರದಲ್ಲಿ ಭೂಮಿಯ ಅಳಲನ್ನೂ ಬಡವರ ಅಳಲನ್ನೂ ಒಟ್ಟಿಗೇ ಆಲಿಸಬೇಕೆಂದು ಕೇಳಿಕೊಂಡದ್ದೂ ಇದೇ ಅರ್ಥದಲ್ಲಿ.

ಕೆಲಸ ದೊಡ್ಡದೇ ಆಗಬೇಕೆಂದಿಲ್ಲ. ಊರಿನ ಬೋರಿಂಗಿನ ನೀರನ್ನು ಪರೀಕ್ಷೆಗೆ ಕಳುಹಿಸಿ, ಬಂದ ಫಲಿತಾಂಶವನ್ನು ಎಲ್ಲರಿಗೂ ಕಾಣುವಂತೆ ಬರೆದು ಹಾಕುವ ಕೆಲಸವನ್ನು ಕಾಲೇಜಿಗೆ ಹೋಗುವ ನಾಲ್ವರು ಹುಡುಗ ಹುಡುಗಿಯರು ಮಾಡಬಲ್ಲರು. ಕಾಲುವೆಯ ಮೇಲ್ಭಾಗದ ರೈತನನ್ನೂ ತುದಿಯ ರೈತನನ್ನೂ ಒಂದೇ ಜಗಲಿಯ ಮೇಲೆ ಕೂರಿಸಿ, ನೀರಿನ ಸರದಿಯನ್ನು ಮಾತಾಡಿಸುವ ಕೆಲಸವನ್ನು ಊರಿನ ಹಿರಿಯರು ಮಾಡಬಲ್ಲರು. ಗುಳೆ ಹೋದವರ ಮಕ್ಕಳು ಶಾಲೆ ಬಿಡದಂತೆ ನೋಡಿಕೊಳ್ಳುವ ಕೆಲಸವನ್ನು ನೆರೆಮನೆಯವರು ಮಾಡಬಲ್ಲರು. ನಿಮ್ಮ ಊರಿನಲ್ಲಿ ಹಳೆಯ ಹಗೇವು ಎಲ್ಲಿತ್ತು ಎಂದು ಹಿರಿಯರನ್ನು ಕೇಳಿ, ಮಕ್ಕಳನ್ನು ಕರೆದೊಯ್ದು ಆ ಜಾಗವನ್ನು ತೋರಿಸಿ. ಅಲ್ಲಿ ಈಗ ಮನೆಯೋ ರಸ್ತೆಯೋ ಇರಬಹುದು. ಆದರೂ ಅಲ್ಲಿ ನಿಂತು, ಹೆದರಿದ ಜನ ಒಂದು ಕಾಲದಲ್ಲಿ ಒಟ್ಟಾಗಿ ಏನು ಮಾಡಿದರು ಎಂಬುದನ್ನು ಅವರಿಗೆ ಹೇಳಿ. ಆಮೇಲೆ, ಈಗ ನಾವೇನು ಮಾಡೋಣ ಎಂದು ಅವರನ್ನೇ ಕೇಳಿ.